ನೋಡಿದವರು ಯಾರು?

ಜುಲೈ 26 ಬಂತು ಅಂದರೆ ಮಂಡ್ಯದಲ್ಲಿ ಒಂದಲ್ಲ ಒಂದು ಕಡೆ ಕಾರ್ಗಿಲ್ ವಿಜಯ ದಿವಸದ ಕಾರ್ಯಕ್ರಮ ಇದ್ದೇ ಇರುತ್ತದೆ. ಶಾಮಿಯಾನ, ಫ್ಲೆಕ್ಸು, ಫ್ಲೆಕ್ಸಿನಲ್ಲಿ ಹಿಮದ ಬೆಟ್ಟದ ಮೇಲೆ ಬಾವುಟ ಹಿಡಿದ ಸೈನಿಕರ ಚಿತ್ರ. ಅಂಥ ಒಂದು ಕಾರ್ಯಕ್ರಮಕ್ಕೆ ನಾನು ಹೋಗಿದ್ದೆ. ನಮ್ಮ ಬೀದಿಯ ನಿವೃತ್ತ ಹವಾಲ್ದಾರರೊಬ್ಬರಿಗೆ ಸನ್ಮಾನ ಇತ್ತು. ಅವರನ್ನು ಬೀದಿಯಲ್ಲಿ ಯಾರೂ ಹೆಸರು ಹಿಡಿದು ಕರೆಯುವುದಿಲ್ಲ, ಎಲ್ಲರ ಬಾಯಲ್ಲೂ ಅವರು ಮಿಲ್ಟ್ರಿಯವರು. ಇಲ್ಲೂ ಹಾಗೇ ಕರೆಯುತ್ತೇನೆ. ಕೋಟಿನ ಮೇಲೆ ಪದಕಗಳನ್ನು ಸಾಲಾಗಿ ಹಾಕಿಕೊಂಡು, ಬೂಟಿಗೆ ಪಾಲಿಶ್ ಹೊಡೆದುಕೊಂಡು ಬಂದಿದ್ದರು. ಶಾಲು ಹೊದಿಸಿ, ಪೇಟ ತೊಡಿಸಿ, ಹಣ್ಣಿನ ಬುಟ್ಟಿ ಕೊಟ್ಟ ಮೇಲೆ ನಿರೂಪಕರು ಜೋರು ದನಿಯಲ್ಲಿ "ಯುದ್ಧದಲ್ಲಿ ತೋರಿದ ಅಪ್ರತಿಮ ಶೌರ್ಯಕ್ಕೆ ಇಷ್ಟೊಂದು ಪದಕ ಗೆದ್ದ ನಮ್ಮ ಮಂಡ್ಯದ ಹುಲಿ" ಎಂದರು. ಚಪ್ಪಾಳೆ ಬಿತ್ತು. ಮಿಲ್ಟ್ರಿಯವರು ಮೈಕು ಕೇಳಿ ತಗೊಂಡರು. "ಇದ್ರಲ್ಲಿ ಶೌರ್ಯದ ಪದಕ ಒಂದೂ ಇಲ್ಲ ಸ್ವಾಮಿ. ಇದು 9 ವರ್ಷ ಸರ್ವೀಸ್ ಮಾಡಿದ್ಕೆ, ಇದು 20 ವರ್ಷಕ್ಕೆ. ಇದು ಸಿಯಾಚಿನ್‌ನಲ್ಲಿ ಇದ್ದುದ್ಕೆ. ಇದು ಸ್ವಾತಂತ್ರ್ಯ ಬಂದು 50 ವರ್ಷ ಆದಾಗ ಸರ್ವೀಸ್‌ನಲ್ಲಿ ಇದ್ದೋರಿಗೆಲ್ಲ ಕೊಟ್ಟಿದ್ದು. ಇದು ಆಪರೇಷನ್ ವಿಜಯ್ ಸ್ಟಾರ್, ಕಾರ್ಗಿಲ್‌ನಲ್ಲಿ ಮೇಲಿದ್ದೋರಿಗೆ ಬಂದಿದ್ದು" ಎಂದು ಒಂದೊಂದನ್ನೂ ಮುಟ್ಟಿ ತೋರಿಸಿದರು. ಅದಕ್ಕೂ ಚಪ್ಪಾಳೆ ಬಿತ್ತು. ಆಮೇಲೆ ಮಾತಾಡಲು ಎದ್ದ ಮುಖ್ಯ ಅತಿಥಿಗಳು "ಶೌರ್ಯ ಪದಕ ವಿಜೇತರಾದ ನಮ್ಮ ಯೋಧರು" ಅಂತಲೇ ಶುರು ಮಾಡಿದರು.

ಯಾರಿಗೂ ಕೆಟ್ಟ ಉದ್ದೇಶ ಇರಲಿಲ್ಲ. ಎಲ್ಲರಿಗೂ ಅವರ ಮೇಲೆ ಪ್ರೀತಿ ಇತ್ತು. ಆದರೂ ಅಂದಿನಿಂದ ಇದು ನನ್ನನ್ನು ಬಿಟ್ಟಿಲ್ಲ. ಅಷ್ಟು ಸ್ಪಷ್ಟವಾಗಿ, ಮೈಕಿನಲ್ಲೇ, ಒಬ್ಬ ಮನುಷ್ಯ ತನ್ನದಲ್ಲದ್ದು ತನಗೆ ಬೇಡ ಎಂದು ಹೇಳಿದ. ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮನೆ ಕಡೆ ನಡೆದು ಬರುವಾಗ ಅವರ ಮುಖ ಸಪ್ಪೆಯಾಗಿತ್ತು. ಹೋಗ್ಲಿ ಬಿಡಿ, ಪ್ರೀತಿಗೆ ಹೇಳಿದ್ದಾರೆ ಅಂದೆ. "ಪ್ರೀತಿ ಸರಿ ಮೇಷ್ಟ್ರೇ. ಆದ್ರೆ ನಿಜವಾಗ್ಲೂ ಪಡ್ಕೊಂಡೋರು ಇದ್ದಾರಲ್ಲ, ಅವ್ರಿಗೆ ಮೋಸ ಆಯ್ತದೆ" ಅಂದರು. ಮುಂದೆ ಮಾತಾಡಲಿಲ್ಲ.

ಯೋಚನೆ ಮಾಡಿದಷ್ಟೂ ಅವರ ಮಾತೇ ಸರಿ ಅನ್ನಿಸುತ್ತದೆ. ಪರಮ ವೀರ ಚಕ್ರ ಶುರುವಾಗಿದ್ದು 1950ರ ಜನವರಿ 26ರಂದು. 1947ರ ಆಗಸ್ಟ್ 15ರಿಂದಲೇ ಅನ್ವಯ ಆಗುವಂತೆ ಮಾಡಿದರು, ಕಾಶ್ಮೀರದಲ್ಲಿ ಹೋರಾಡಿದವರು ತಪ್ಪಿಹೋಗಬಾರದು ಅಂತ. ಅಲ್ಲಿಂದ ಇಲ್ಲಿಯವರೆಗೆ 1947-48, 1962, 1965, 1971, ಕಾಂಗೋದ ಶಾಂತಿಪಡೆ, ಸಿಯಾಚಿನ್, ಶ್ರೀಲಂಕಾ, ಕಾರ್ಗಿಲ್, ಎಲ್ಲ ಸೇರಿ ಆ ಪದಕ ಬಂದಿರುವುದು 21 ಜನರಿಗೆ. ಅದರಲ್ಲಿ 14 ಜನರಿಗೆ ಸತ್ತ ಮೇಲೆ ಬಂತು. ಇಷ್ಟು ಲಕ್ಷ ಜನ ಸಮವಸ್ತ್ರ ತೊಟ್ಟ ದೇಶದಲ್ಲಿ 21! ಅದರ ಕೆಳಗೆ ಮಹಾವೀರ ಚಕ್ರ, ವೀರ ಚಕ್ರ. ಎದುರಿಗೆ ಶತ್ರುಸೈನ್ಯ ಇಲ್ಲದ ಕಡೆ ತೋರಿದ ಧೈರ್ಯಕ್ಕೆ ಅಶೋಕ ಚಕ್ರ, ಕೀರ್ತಿ ಚಕ್ರ, ಶೌರ್ಯ ಚಕ್ರ. ಒಂದೊಂದು ಪದಕದ ಜೊತೆಗೂ ಒಂದು ಕಾಗದ ಇರುತ್ತದೆ, ಸೈನ್ಯದವರು ಸೈಟೇಷನ್ ಅನ್ನುತ್ತಾರೆ. ಯಾವ ದಿನ, ಯಾವ ಜಾಗ, ಆ ಮನುಷ್ಯ ಏನು ಮಾಡಿದ, ಆಮೇಲೆ ಏನಾಯಿತು. ಓದಿದರೆ ವರದಿಯ ಹಾಗೆ ಇರುತ್ತದೆ. ಅದು ಹಾಗೇ ಇರಬೇಕು ಎಂದು ನನಗೆ ಅನ್ನಿಸಲು ಶುರುವಾಗಿದ್ದು ಮಿಲ್ಟ್ರಿಯವರ ಮನೆಯಲ್ಲಿ.

ಕಾಗದ ಹುಟ್ಟುವ ಬಗೆ

ಶಾಲೆ ಬಿಟ್ಟ ಮೇಲೆ ಒಂದು ಸಂಜೆ ಅವರ ಮನೆಗೆ ಹೋಗಿದ್ದೆ. ಜಗಲಿಯ ಮೇಲೆ ಕೂತು ಹುರುಳಿ ಆರಿಸುತ್ತಿದ್ದರು. ಅವರ ಹೆಂಡತಿ ಬೆಲ್ಲದ ಕಾಫಿ ತಂದುಕೊಟ್ಟರು. ಪದಕ ಹೇಗೆ ಬರುತ್ತದೆ ಎಂದು ಕೇಳಿದೆ. ನನ್ನ ತಲೆಯಲ್ಲಿ ಇದ್ದದ್ದು ರಾಷ್ಟ್ರಪತಿ ಭವನದ ದೃಶ್ಯ ಮಾತ್ರ, ಟಿವಿಯಲ್ಲಿ ಬರುತ್ತದಲ್ಲ, ಅಷ್ಟೇ. ಅವರು ಕೆಳಗಿನಿಂದ ಶುರು ಮಾಡಿದರು. ಕಾಳಗ ಮುಗಿದ ಮೇಲೆ ಕಂಪನಿ ಕಮಾಂಡರ್ ಎಲ್ಲರನ್ನೂ ಕರೆದು ಕೇಳುತ್ತಾರೆ. ಯಾರು ಎಲ್ಲಿದ್ದಿರಿ, ಯಾರು ಏನು ಮಾಡಿದಿರಿ, ಯಾರು ಏನು ನೋಡಿದಿರಿ. ಕಣ್ಣಾರೆ ನೋಡಿದವರ ಹೇಳಿಕೆ ಬರೆಸಿಕೊಳ್ಳುತ್ತಾರೆ. ಸಿಒ ಸಾಹೇಬರು, ಅಂದರೆ ಬೆಟಾಲಿಯನ್ನಿನ ಮುಖ್ಯಸ್ಥರು, ಶಿಫಾರಸು ಬರೆಯುತ್ತಾರೆ. ಅದು ಬ್ರಿಗೇಡ್, ಡಿವಿಷನ್, ಕೋರ್, ಕಮಾಂಡ್ ಎಂದು ಮೆಟ್ಟಿಲು ಹತ್ತುತ್ತಾ ದೆಹಲಿಗೆ ಹೋಗುತ್ತದೆ. ಪ್ರತಿ ಮೆಟ್ಟಿಲಲ್ಲೂ ಯಾರೋ ಒಬ್ಬರು ಪ್ರಶ್ನೆ ಕೇಳುತ್ತಾರೆ. ಕೊನೆಗೆ ಜನವರಿ 26ಕ್ಕೋ ಆಗಸ್ಟ್ 15ಕ್ಕೋ ಪಟ್ಟಿ ಬರುತ್ತದೆ.

"ಎಲ್ಲದುಕ್ಕೂ ಮೊದಲ್ನೇ ಪ್ರಶ್ನೆ ಒಂದೇ ಮೇಷ್ಟ್ರೇ. ನೋಡ್ದೋರು ಯಾರು?" ಅಂದರು.

ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಕೇಳದೇ ಇದ್ದರೂ ಒಂದು ವಿಷಯ ಹೇಳಿದರು. ಅವರ ಸೆಕ್ಷನ್‌ನಲ್ಲಿ (ಸೈನ್ಯದ ಅತಿ ಸಣ್ಣ ತಂಡ) ವಿಜಯಪುರದ ಕಡೆಯ ಒಬ್ಬ ಹುಡುಗ ಇದ್ದನಂತೆ. ರೊಟ್ಟಿ ಬೇಕು ಅಂತ ದಿನಾ ಗೋಳಾಡುವವನು, ರಾತ್ರಿ ಡ್ಯೂಟಿಯಲ್ಲಿ ಮೆಲ್ಲಗೆ ಭಜನೆ ಪದ ಹೇಳಿಕೊಳ್ಳುವವನು. ಕಾರ್ಗಿಲ್‌ನ ಒಂದು ರಾತ್ರಿ ಮೇಲಿನ ಬಂಡೆಗಳ ಹತ್ತಿರ ಗುಂಡು ತಗುಲಿ ಬಿದ್ದಿದ್ದವನೊಬ್ಬನನ್ನು ಇವನು ಬೆನ್ನ ಮೇಲೆ ಹೊತ್ತು ಕೆಳಗೆ ತಂದ. ಅವನನ್ನು ಮಿಲ್ಟ್ರಿಯವರ ಕೈಗೆ ಒಪ್ಪಿಸಿ, ಇನ್ನೊಬ್ಬ ಮೇಲಿದ್ದಾನೆ ಅಂತ ಹೇಳಿ ಮತ್ತೆ ಹತ್ತಿದ. ಮೇಲಿನ ಶತ್ರು ಬಂಕರಿನಿಂದ ಹಗುರ ಮಷಿನ್ ಗನ್ನಿನ (ಎಲ್ಎಂಜಿ) ಸದ್ದು ಬಹಳ ಹೊತ್ತು ಇತ್ತು. ಗ್ರೆನೇಡ್ ಸಿಡಿದ ಸದ್ದು ಎರಡು ಸಲ ಕೇಳಿಸಿತು. ಆಮೇಲೆ ಎಲ್ಎಂಜಿ ನಿಂತಿತು. ಹುಡುಗ ವಾಪಸು ಬರಲಿಲ್ಲ. ಬೆಳಕು ಹರಿದ ಮೇಲೆ ಇನ್ನೊಂದು ತುಕಡಿಯವರು ಮೇಲೆ ಹೋದಾಗ ಬಂಕರ್ ಖಾಲಿ ಇತ್ತು, ಅವನು ಅದರ ಬಾಯಿಯ ಹತ್ತಿರ ಬಿದ್ದಿದ್ದ. ಅವನು ಹೊತ್ತು ತಂದವನು ಆಸ್ಪತ್ರೆ ಮುಟ್ಟುವ ಮೊದಲೇ ತೀರಿಕೊಂಡಿದ್ದ. ಮೇಲಿದ್ದ ಇನ್ನೊಬ್ಬನೂ ಬದುಕಿರಲಿಲ್ಲ.

ಹೇಳಿಕೆ ಬರೆಸುವ ದಿನ ಸಾಹೇಬರು ಕೇಳಿದರಂತೆ. ಅವನು ಬಂಕರಿಗೆ ಗ್ರೆನೇಡ್ ಹಾಕಿದ್ದನ್ನು ನೀನು ನೋಡಿದೆಯಾ? ಇಲ್ಲ ಸಾಬ್. ಎಲ್ಎಂಜಿ ನಿಂತಿದ್ದು ಅವನಿಂದಲೇ ಅಂತ ಹೇಗೆ ಹೇಳ್ತೀಯ? ಬೇರೆ ಯಾರೂ ಅಲ್ಲಿ ಇರಲಿಲ್ಲ ಸಾಬ್. ಆದರೆ ನೋಡಿದೆಯಾ? ಇಲ್ಲ ಸಾಬ್. ನೋಡಿದ್ದಷ್ಟನ್ನು ಬರೆಸಿದರು. ಒಬ್ಬನನ್ನು ಹೊತ್ತು ತಂದ, ಮತ್ತೆ ಹತ್ತಿ ಹೋದ. ಅಷ್ಟೇ. ಹುಡುಗನಿಗೆ ಪದಕ ಬರಲಿಲ್ಲ. "ಸಾಹೇಬ್ರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ನೋಡ್ದೆ ಅಂತ ಒಂದ್ ಮಾತು ಹೇಳಿದ್ರೆ ಅವರವ್ವ ದೆಹಲಿಗೆ ಹೋಗಿ ಪದಕ ಇಸ್ಕೊಂಡು ಬತ್ತಿದ್ಲು ಕಣ್ ಮೇಷ್ಟ್ರೇ. ಈವತ್ತೂ ನೆಪ್ಪಾಯ್ತದೆ" ಅಂದರು. ಹುರುಳಿಯ ಮೊರ ಕೆಳಗಿಟ್ಟು ಒಳಗೆ ಹೋಗಿ, ಮುಖ ತೊಳೆದುಕೊಂಡು ಬಂದರು.

ಅವರು ಹೇಳಿದ್ದು ಸರಿಯೋ ತಪ್ಪೋ ಎಂದು ಕೇಳುವಷ್ಟು ದೊಡ್ಡವನು ನಾನಲ್ಲ. ಆದರೂ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಅವರು ಸರಿ ಮಾಡಿದರು. ಆ ಹುಡುಗನಿಗೆ ಅನ್ಯಾಯ ಆಯಿತು, ಅದೂ ನಿಜ. ಎರಡೂ ಒಟ್ಟಿಗೆ ನಿಜ ಆಗಿರಬಹುದು. ಆ ರಾತ್ರಿಯ ಬಗ್ಗೆ ಒಂದೇ ಒಂದು ಮಾತು ಹೆಚ್ಚಿಗೆ ಹೇಳಲು ಒಪ್ಪದ ಮನುಷ್ಯನನ್ನು ವೇದಿಕೆ ಮೇಲೆ ನಿಲ್ಲಿಸಿ, ಅವರಿಗೇ ಇಲ್ಲದ ಪದಕ ಕೊಟ್ಟು ಹೊಗಳಿದೆವು ಅಂದರೆ ಅವರಿಗೆ ಹೇಗೆ ಆಗಿರಬೇಕು ಯೋಚಿಸಿ. ಪಟ್ಟಿಯಲ್ಲಿರುವ ಹೆಸರುಗಳನ್ನು ನಾವು ನಂಬಬಹುದು ಅನ್ನುವುದು ಇಂಥ ಜನ ಇದ್ದದ್ದರಿಂದಲೇ ಅಲ್ವಾ?

ಹೇಳಿದರೂ ನಂಬದೇ ಹೋದಾಗ

ನೋಡಿದವರು ಇದ್ದರೆ ಸಾಕು ಅಂತಲೂ ಇಲ್ಲ. 1962ರ ನವೆಂಬರ್ 18ರಂದು ಲಡಾಖಿನ ರೆಜಾಂಗ್ ಲಾದಲ್ಲಿ 13 ಕುಮಾವೂಂ ಬೆಟಾಲಿಯನ್ನಿನ ಚಾರ್ಲಿ ಕಂಪನಿ ಇತ್ತು. ಮೇಜರ್ ಶೈತಾನ್ ಸಿಂಗ್ ಅದರ ಮುಖ್ಯಸ್ಥರು. ಜವಾನರು ಬಹುತೇಕ ಹರಿಯಾಣ ಕಡೆಯ ಬಯಲು ನಾಡಿನ ರೈತರ ಮಕ್ಕಳು, 16 ಸಾವಿರ ಅಡಿಗೂ ಮೇಲಿನ ಚಳಿ ಅವರಿಗೆ ಹೊಸದು. ನಡುವೆ ಬೆಟ್ಟ ಅಡ್ಡ ಇದ್ದದ್ದರಿಂದ ನಮ್ಮ ಫಿರಂಗಿಗಳ ಬೆಂಬಲ ಅವರಿಗೆ ಸಿಗುವಂತಿರಲಿಲ್ಲ. ಚೀನೀ ಸೈನ್ಯ ಅಲೆ ಅಲೆಯಾಗಿ ಬಂತು. ಆ ಒಂದೇ ಕಂಪನಿಯಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. ಬದುಕಿ ಬಂದ ಬೆರಳೆಣಿಕೆಯ ಜವಾನರು ಕೊನೆಯ ಗುಂಡಿನವರೆಗೆ ಕಾದಾಡಿದೆವು ಎಂದು ಹೇಳಿದರೆ ಮೊದಮೊದಲು ನಂಬಲಿಲ್ಲ. ಇಡೀ ಯುದ್ಧದಲ್ಲೇ ಸೋತ ದೇಶಕ್ಕೆ ಅದು ಉತ್ಪ್ರೇಕ್ಷೆಯ ಹಾಗೆ ಕೇಳಿಸಿತೋ ಏನೋ.

ಮುಂದಿನ ವರ್ಷ, 1963ರ ಚಳಿ ಇಳಿಯುವ ಹೊತ್ತಿಗೆ, ಒಬ್ಬ ಕುರಿ ಕಾಯುವವನು ಆ ಜಾಗಕ್ಕೆ ಹೋದ. ಅವರೆಲ್ಲ ಅಲ್ಲೇ ಇದ್ದರು. ಹಿಮದಲ್ಲಿ ಹೆಪ್ಪುಗಟ್ಟಿ, ತಮ್ಮ ತಮ್ಮ ಮೋರ್ಚಾದಲ್ಲಿ, ಕೈಯಲ್ಲಿ ಬಂದೂಕು ಹಿಡಿದುಕೊಂಡೇ. ಗಾಯಕ್ಕೆ ಪಟ್ಟಿ ಕಟ್ಟುವ ಕೆಲಸದವನ ಕೈಯಲ್ಲಿ ಬ್ಯಾಂಡೇಜು ಇನ್ನೂ ಇತ್ತು. ಬೆನ್ನು ತೋರಿಸಿ ಓಡಿದವರು ಯಾರೂ ಇಲ್ಲ ಎನ್ನುವುದಕ್ಕೆ ಆ ದೇಹಗಳೇ ಹೇಳಿಕೆ ಕೊಟ್ಟವು. ಶೈತಾನ್ ಸಿಂಗ್ ಅವರಿಗೆ ಪರಮ ವೀರ ಚಕ್ರ ಬಂತು, ಅವರ ಜೊತೆಗಾರರಲ್ಲಿ ಹಲವರಿಗೆ ವೀರ ಚಕ್ರ ಬಂತು. ನನಗೆ ಇಲ್ಲಿ ಕಾಡುವುದು ಆ ಕೆಲವು ತಿಂಗಳು. ನವೆಂಬರಿನಿಂದ ಆ ಕುರಿಗಾಹಿ ಹೋಗುವವರೆಗೆ, ಬದುಕಿ ಬಂದ ಆ ಕೆಲವರು ಏನಂತ ದಿನ ಕಳೆದಿರಬೇಕು? ಜೊತೆಯವರೆಲ್ಲ ಸತ್ತಿದ್ದಾರೆ, ತಾನು ನಿಜ ಹೇಳುತ್ತಿದ್ದೇನೆ, ಎದುರಿಗಿರುವವರ ಕಣ್ಣಲ್ಲಿ ಅನುಮಾನ. ಗುಂಡಿನ ಎದುರು ನಿಂತದ್ದಕ್ಕಿಂತ ಅದು ಕಡಿಮೆ ಕಷ್ಟ ಅಂತ ನನಗೆ ಅನ್ನಿಸುವುದಿಲ್ಲ.

1999ರ ಕಾರ್ಗಿಲ್ ಯುದ್ಧದಲ್ಲಿ ಟೈಗರ್ ಹಿಲ್‌ನದ್ದು ಬೇರೆ ಥರ. 18 ಗ್ರೆನೇಡಿಯರ್ಸ್‌ನ ಯೋಗೇಂದ್ರ ಸಿಂಗ್ ಯಾದವ್‌ಗೆ ಆಗ 19 ವರ್ಷ. ಕಡಿದಾದ ಬಂಡೆಗೆ ಹಗ್ಗ ಕಟ್ಟಿ ಹತ್ತಿದ ತಂಡದಲ್ಲಿದ್ದವರು. ಮೈಯೆಲ್ಲ ಗುಂಡು ತಗುಲಿ, ಒಂದು ಕೈ ಜೋತುಬಿದ್ದು, ಜೊತೆಗಿದ್ದವರೆಲ್ಲ ಸತ್ತ ಮೇಲೆ ಸತ್ತವರಂತೆ ಬಿದ್ದುಕೊಂಡಿದ್ದು, ಆಮೇಲೆ ತೆವಳಿಕೊಂಡು, ಉರುಳಿಕೊಂಡು ಕೆಳಗೆ ಬಂದರು. ಮೇಲೆ ಏನಾಯಿತು, ಎದುರಿನವರು ಮುಂದೆ ಏನು ಮಾಡಲಿದ್ದಾರೆ ಎಂದು ಹೇಳಿದರು. ಅವರು ಉಸಿರು ಹಿಡಿದುಕೊಂಡು ಬಾರದೇ ಹೋಗಿದ್ದರೆ ಅವರದ್ದು ಮಾತ್ರ ಅಲ್ಲ, ಆ ಬಂಡೆಯ ಮೇಲೆ ಸತ್ತ ಅವರ ಜೊತೆಗಾರರ ಕತೆಯೂ ಯಾರಿಗೂ ತಿಳಿಯುತ್ತಿರಲಿಲ್ಲ. ಅವರ ಪರಮ ವೀರ ಚಕ್ರವನ್ನು ಮೊದಲು ಮರಣೋತ್ತರ ಎಂದೇ ಘೋಷಿಸಿದ್ದರು, ಆಮೇಲೆ ಬದುಕಿದ್ದಾರೆ ಅಂತ ಗೊತ್ತಾಯಿತು. 1962ರಲ್ಲಿ ಮೇಜರ್ ಧನ್ ಸಿಂಗ್ ಥಾಪಾ ಅವರಿಗೂ ಹೀಗೇ ಆಗಿತ್ತು. ಸತ್ತರೆಂದು ಪದಕ ಘೋಷಣೆ ಆಗಿತ್ತು, ಅವರು ಚೀನಾದಲ್ಲಿ ಸೆರೆಯಾಳಾಗಿ ಇದ್ದರು, 1963ರಲ್ಲಿ ಮನೆಗೆ ಬಂದರು.

ಸಿಯಾಚಿನ್ ಬಗ್ಗೆ ಮಿಲ್ಟ್ರಿಯವರು ಜಾಸ್ತಿ ಹೇಳುತ್ತಾರೆ, ಅಲ್ಲಿ ಇದ್ದು ಬಂದವರಲ್ವಾ. 1987ರ ಜೂನ್‌ನಲ್ಲಿ ಪರಮ ವೀರ ಚಕ್ರ ಪಡೆದ ಬಾನಾ ಸಿಂಗ್ 21 ಸಾವಿರ ಅಡಿ ಎತ್ತರದ ಪಾಕಿಸ್ತಾನಿ ಠಾಣೆಯನ್ನು ಹಿಡಿದರು, ಇವತ್ತು ಆ ಶಿಖರಕ್ಕೆ ಅವರದ್ದೇ ಹೆಸರು. ಅದಕ್ಕೂ ಮೊದಲು ಮೇ ತಿಂಗಳಲ್ಲಿ ಸೆಕೆಂಡ್ ಲೆಫ್ಟಿನೆಂಟ್ ರಾಜೀವ್ ಪಾಂಡೆ ಅವರ ತುಕಡಿ ಅದೇ ಹಿಮದ ಗೋಡೆ ಹತ್ತಲು ಹೋಗಿ ಗುಂಡಿಗೆ ಬಲಿಯಾಗಿತ್ತು. ಅವರು ಕಟ್ಟಿಟ್ಟ ಹಗ್ಗ ಬಾನಾ ಸಿಂಗ್ ತಂಡಕ್ಕೆ ನೆರವಾಯಿತು. ಕಾರ್ಯಾಚರಣೆಗೆ ಇಟ್ಟ ಹೆಸರು ಆಪರೇಷನ್ ರಾಜೀವ್. ಗೆದ್ದವರು ಸತ್ತವರ ಹೆಸರನ್ನು ಮುಂದಿಟ್ಟುಕೊಂಡು ಹೋದರು. ಇದನ್ನು ಓದಿದಾಗಲೆಲ್ಲ ಗಂಟಲು ಕಟ್ಟುತ್ತದೆ.

ಎದುರಾಳಿಯ ಬಾಯಿಂದ

ನಮ್ಮವರು ಯಾರೂ ನೋಡಿಲ್ಲ, ನೋಡಿದವನು ಎದುರಾಳಿ ಮಾತ್ರ. ಆಗ?

ಇದಕ್ಕೆ ನಮ್ಮ ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಅವರ ಕತೆಯೇ ಸಾಕು. 1965ರ ಸೆಪ್ಟೆಂಬರ್ 7ರ ಬೆಳಗ್ಗೆ ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ನಮ್ಮ ಮಿಸ್ಟೇರ್ ವಿಮಾನಗಳು ದಾಳಿ ಮಾಡಿದವು. ದೇವಯ್ಯ ಅವರು ಮೊದಲ ಪಟ್ಟಿಯಲ್ಲಿ ಇದ್ದವರಲ್ಲ, ಮೀಸಲಿನಲ್ಲಿದ್ದು ಕೊನೇ ಗಳಿಗೆಯಲ್ಲಿ ಸೇರಿಕೊಂಡವರು. ಅವರು ಹಿಂದಿರುಗಲಿಲ್ಲ. ನಮ್ಮ ವಾಯುಪಡೆಗೆ ಗೊತ್ತಾಗಿದ್ದು ಅಷ್ಟೇ, ಕಾಣೆಯಾದರು. ಪಾಕಿಸ್ತಾನದ ಕಡೆಯ ವಿವರಗಳು ವರ್ಷಗಳ ನಂತರ ಬರಹಗಳಲ್ಲಿ ಬರತೊಡಗಿದ ಮೇಲೆ ನಿಜ ಹೊರಗೆ ಬಂತು. ಆ ಕಾಲಕ್ಕೆ ಬಹಳ ವೇಗದ್ದಾಗಿದ್ದ ಪಾಕಿಸ್ತಾನದ ಸ್ಟಾರ್‌ಫೈಟರ್ ವಿಮಾನ ಅವರ ಬೆನ್ನು ಹತ್ತಿತು. ಪೆಟ್ಟು ತಿಂದ ಹಳೇ ಮಿಸ್ಟೇರ್‌ನಲ್ಲೇ ದೇವಯ್ಯ ತಿರುಗಿ ನಿಂತು ಆ ಸ್ಟಾರ್‌ಫೈಟರನ್ನು ಉರುಳಿಸಿದರು. ಅದರ ಪೈಲಟ್ ಅಮ್ಜದ್ ಹುಸೇನ್ ಪ್ಯಾರಾಚೂಟ್ ಕಟ್ಟಿಕೊಂಡು ಹಾರಿ ಬದುಕಿದ. ಅವನು ಬದುಕಿದ್ದರಿಂದ ದೇವಯ್ಯ ಏನು ಮಾಡಿದರು ಅಂತ ಗೊತ್ತಾಯಿತು! 1988ರಲ್ಲಿ, 23 ವರ್ಷದ ಮೇಲೆ, ಅವರಿಗೆ ಮಹಾವೀರ ಚಕ್ರ ಬಂತು. ಈಗ ಮಡಿಕೇರಿಯಲ್ಲಿ ಅವರ ಹೆಸರಿನ ವೃತ್ತ ಇದೆ, ಪ್ರತಿಮೆ ಇದೆ. ಮೈಸೂರಿನಿಂದ ಮಡಿಕೇರಿಗೆ ಪ್ರವಾಸ ಹೋಗುವವರು ಆ ವೃತ್ತವನ್ನೂ ನೋಡಿ ಬನ್ನಿ. ಒಂದು ನಿಮಿಷ ಗಾಡಿ ನಿಲ್ಲಿಸಿ, ಈ ಮನುಷ್ಯನ ಕಾಗದ 23 ವರ್ಷ ಯಾಕೆ ತಡ ಆಯಿತು ಅಂತ ಮಕ್ಕಳಿಗೆ ಹೇಳಿ. ದಯವಿಟ್ಟು ಹೇಳಿ.

ಇದೇ ಕೆಲಸವನ್ನು ನಮ್ಮವರೂ ಎದುರಿನವರಿಗೆ ಮಾಡಿದ್ದಾರೆ. ಟೈಗರ್ ಹಿಲ್ ಕಾಳಗದಲ್ಲಿ ಪಾಕಿಸ್ತಾನದ ನಾರ್ದರ್ನ್ ಲೈಟ್ ಇನ್‌ಫೆಂಟ್ರಿಯ ಕ್ಯಾಪ್ಟನ್ ಕರ್ನಲ್ ಶೇರ್ ಖಾನ್ (ಕರ್ನಲ್ ಅನ್ನುವುದು ಹುದ್ದೆಯಲ್ಲ, ಅವನ ಹೆಸರೇ) ಕೊನೆಯವರೆಗೂ ತನ್ನ ಜವಾನರನ್ನು ಒಟ್ಟುಗೂಡಿಸಿಕೊಂಡು ಎದುರು ದಾಳಿ ಮಾಡುತ್ತಲೇ ಇದ್ದ. ಅವನ ದೇಹವನ್ನು ವಾಪಸು ಕಳಿಸುವಾಗ ನಮ್ಮ ಬ್ರಿಗೇಡಿಯರ್ ಎಂ.ಪಿ.ಎಸ್. ಬಾಜ್ವಾ ಅವನ ಜೇಬಿನಲ್ಲಿ ಒಂದು ಚೀಟಿ ಇಡಿಸಿದರು. ಈ ಅಧಿಕಾರಿ ಬಹಳ ಧೈರ್ಯದಿಂದ ಹೋರಾಡಿದ್ದಾನೆ, ಅವನಿಗೆ ಸಲ್ಲಬೇಕಾದ್ದು ಸಲ್ಲಲಿ ಅನ್ನುವ ಅರ್ಥದ ಚೀಟಿ. ಪಾಕಿಸ್ತಾನ ಅವನಿಗೆ ತನ್ನ ಅತಿ ದೊಡ್ಡ ಪದಕವಾದ ನಿಶಾನ್-ಎ-ಹೈದರ್ ಕೊಟ್ಟಿತು. ತನ್ನ ಹುಡುಗರನ್ನು ಕೊಂದವನ ಬಗ್ಗೆ ಹೀಗೆ ಬರೆಯಲು ಎಂಥ ಮನಸ್ಸು ಬೇಕು! ಇದನ್ನು ತರಗತಿಯಲ್ಲಿ ಹೇಳಿದಾಗ ಕೆಲವು ಮಕ್ಕಳಿಗೆ ಸಿಟ್ಟು ಬಂತು, ಯಾಕೆ ಬರೀಬೇಕಿತ್ತು ಸಾರ್ ಅಂದರು. ಸಿಟ್ಟು ಬರುವುದು ಸಹಜ. ದೇವಯ್ಯ ಅವರ ಕತೆಯನ್ನು ಅದರ ಪಕ್ಕದಲ್ಲೇ ಹೇಳಿದೆ. ತರಗತಿ ಸುಮ್ಮನಾಯಿತು.

1971ರ ಡಿಸೆಂಬರ್ 16ರಂದು ಪಾಕಿಸ್ತಾನದ ಎದುರಿನ ಬಸಂತರ್ ಕಾಳಗದಲ್ಲಿ ಸತ್ತು ಪರಮ ವೀರ ಚಕ್ರ ಪಡೆದ ಅರುಣ್ ಖೇತರ್‌ಪಾಲ್‌ಗೆ 21 ವರ್ಷ. ಟ್ಯಾಂಕಿಗೆ ಬೆಂಕಿ ಹತ್ತಿದೆ, ಬಿಟ್ಟು ಬಾ ಅಂದರೆ, ನನ್ನ ಗನ್ ಇನ್ನೂ ಕೆಲಸ ಮಾಡುತ್ತಿದೆ ಎಂದು ರೇಡಿಯೋದಲ್ಲಿ ಹೇಳಿ ಮುಂದುವರಿದ ಹುಡುಗ. 2001ರಲ್ಲಿ ಅವರ ತಂದೆ, ನಿವೃತ್ತ ಬ್ರಿಗೇಡಿಯರ್, ಎಂಬತ್ತು ದಾಟಿದ ವಯಸ್ಸಿನಲ್ಲಿ ತಾವು ಹುಟ್ಟಿ ಬೆಳೆದ ಊರು ನೋಡಲು ಪಾಕಿಸ್ತಾನಕ್ಕೆ ಹೋದರು. ಅವರನ್ನು ಮನೆಯಲ್ಲಿ ಇಟ್ಟುಕೊಂಡು ಮಗನಂತೆ ಸೇವೆ ಮಾಡಿದವರು ಪಾಕಿಸ್ತಾನಿ ಸೈನ್ಯದ ಬ್ರಿಗೇಡಿಯರ್ ಖ್ವಾಜಾ ಮೊಹಮ್ಮದ್ ನಾಸೆರ್. ಹೊರಡುವ ಹಿಂದಿನ ರಾತ್ರಿ ನಾಸೆರ್ ಹೇಳಿದರು, ನಿಮ್ಮ ಮಗನ ಟ್ಯಾಂಕಿಗೆ ಕೊನೆಯ ಗುಂಡು ಹೊಡೆದವನು ನಾನೇ ಎಂದು. ಮಗ ಹೇಗೆ ನಿಂತ ಅಂತಲೂ ಹೇಳಿದರು. ಸೈಟೇಷನ್ನಿನಲ್ಲಿ ಬರೆಯಲಾಗದ ಭಾಗ ಅದು. ಅದನ್ನು ಕೇಳಲು ಆ ತಂದೆಗೆ 30 ವರ್ಷ ಬೇಕಾಯಿತು.

ಆತಕೂರಿನ ಕಲ್ಲು, ಪಟ್ಟಣದ ಪದಕ

ಶೌರ್ಯವನ್ನು ಹೀಗೆ ಬರೆದಿಡುವುದು ನಮ್ಮ ಜಿಲ್ಲೆಗೆ ಹೊಸದೇನಲ್ಲ. ಮಂಡ್ಯ ಸುತ್ತಿನ ಯಾವ ಊರಿಗೆ ಹೋದರೂ ಕೆರೆ ಏರಿಯ ಮೇಲೋ, ಅರಳಿಕಟ್ಟೆ ಪಕ್ಕದಲ್ಲೋ ಒಂದು ವೀರಗಲ್ಲು ಸಿಗುತ್ತದೆ. ಕೆಳಗೆ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವುದು, ಮೇಲೆ ಶಿವಲಿಂಗದ ಎದುರು ಅವನು ಕೂತಿರುವುದು. ಬರಹ ಇದ್ದರೆ ಅದರಲ್ಲೂ ಯಾರ ಆಳ್ವಿಕೆ, ಯಾವ ಊರು, ಯಾವ ಜಗಳ, ದನ ಹೊಡೆದುಕೊಂಡು ಹೋದವರ ಮೇಲೆ ಬಿದ್ದು ದನ ಬಿಡಿಸಿ ಸತ್ತ, ಇಷ್ಟು. ಸತ್ತವನ ಮನೆಯವರಿಗೆ ನೆತ್ತರುಕೊಡಗಿ ಅಂತ ಹೊಲ ಬಿಡುತ್ತಿದ್ದರು. ಇವತ್ತು ತಿಂಗಳ ಭತ್ಯೆ ಕೊಡುತ್ತಾರೆ, 2017ರಲ್ಲಿ ಅದನ್ನು ಪರಮ ವೀರ ಚಕ್ರಕ್ಕೆ 20,000, ಮಹಾವೀರ ಚಕ್ರಕ್ಕೆ 10,000, ವೀರ ಚಕ್ರಕ್ಕೆ 7,000 ರೂಪಾಯಿಗೆ ಏರಿಸಿದರು.

ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲು ನನಗೆ ಬಹಳ ಇಷ್ಟ. ಸುಮಾರು ಕ್ರಿ.ಶ. 949-50ರದ್ದು, ಈಗ ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಈಗಿನ ತಮಿಳುನಾಡಿನ ತಕ್ಕೋಲದಲ್ಲಿ ರಾಷ್ಟ್ರಕೂಟರಿಗೂ ಚೋಳರಿಗೂ ದೊಡ್ಡ ಯುದ್ಧ ನಡೆಯಿತು. ಗಂಗರ ಬೂತುಗ ರಾಷ್ಟ್ರಕೂಟರ ಮೂರನೇ ಕೃಷ್ಣನ ಪರವಾಗಿ ಹೋರಾಡಿ ಚೋಳ ರಾಜಾದಿತ್ಯನನ್ನು ಕೊಂದ. ಬೂತುಗನ ಸೇವಕ ಮಣಲೇರ ಅಲ್ಲಿ ಚೆನ್ನಾಗಿ ಕಾದಾಡಿದ. ಮೆಚ್ಚಿದೆ, ಬೇಕಾದ್ದು ಕೇಳು ಅಂದರೆ ಅವನು ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಕಾಳಿ ಎನ್ನುವ ಬೇಟೆನಾಯಿ ಕೊಡಿ ಅಂದ. ಆ ಕಾಳಿ ಮುಂದೆ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು, ಎರಡೂ ಸತ್ತವು. ಮಣಲೇರ ನಾಯಿಗೆ ಕಲ್ಲು ನಿಲ್ಲಿಸಿ ಪೂಜೆಗೆ ಹೊಲ ಬಿಟ್ಟ. ತಕ್ಕೋಲದ ವಿಷಯ, ರಾಜರ ವಿಷಯ ಎಲ್ಲ ನಮಗೆ ತಿಳಿದಿರುವುದರಲ್ಲಿ ಒಂದು ಪಾಲು ಈ ನಾಯಿಯ ಕಲ್ಲಿನಿಂದಲೇ. ಕಲ್ಲಿನ ಮೇಲೆ ನಾಯಿ ಮತ್ತು ಹಂದಿ ಜಗಳವಾಡುವ ಚಿತ್ರ ಇದೆ. ಕಣ್ಣಾರೆ ಕಂಡವನೇ ನಿಂತು ಕೆತ್ತಿಸಿದ ಹಾಗಿದೆ.

ಹತ್ತಿರದಲ್ಲೇ ಶ್ರೀರಂಗಪಟ್ಟಣ ಇದೆ. 1799ರ ಮೇ 4ರಂದು ಕೋಟೆ ಬಿತ್ತು, ಟಿಪ್ಪು ಸತ್ತ. ಆಮೇಲೆ ಈಸ್ಟ್ ಇಂಡಿಯಾ ಕಂಪನಿ ಆ ಗೆಲುವಿಗೆ ಒಂದು ಪದಕ ಹೊಡೆಸಿತು. ಸಿಂಹ ಹುಲಿಯನ್ನು ಕೆಡವಿಕೊಂಡಿರುವ ಚಿತ್ರದ ಪದಕ. ದರ್ಜೆಗೆ ತಕ್ಕಂತೆ ಲೋಹ. ದೊಡ್ಡ ಅಧಿಕಾರಿಗಳಿಗೆ ಚಿನ್ನ, ಕೆಳಗೆ ಬಂದಂತೆ ಬೆಳ್ಳಿ, ಕಂಚು, ಸಾಮಾನ್ಯ ಸಿಪಾಯಿಗೆ ತವರ. 1907ರಲ್ಲಿ ಮೈಸೂರು ಸರ್ಕಾರ ಆ ಮುತ್ತಿಗೆಯಲ್ಲಿ ಸತ್ತ ಕಂಪನಿ ಅಧಿಕಾರಿಗಳ ಹೆಸರು ಕೆತ್ತಿದ ಸ್ತಂಭವನ್ನೂ ನಿಲ್ಲಿಸಿತು, ಕೋಟೆ ಗೋಡೆಯ ಹತ್ತಿರ ಈಗಲೂ ಇದೆ. ಕೋಟೆಯ ಒಳಗೆ ನಿಂತು ಕಾದಾಡಿ ಸತ್ತ ಸಾವಿರಾರು ಜನರ ಹೆಸರು ಬರೆದ ಕಂಬ ಇಲ್ಲ. ಅವರೂ ನಮ್ಮ ಸುತ್ತಿನ ಊರುಗಳವರೇ. ಅವರಲ್ಲಿ ಎಷ್ಟು ಜನ ಆ ಬಿರುಕು ಬಿಟ್ಟ ಗೋಡೆಯ ಮೇಲೆ ಪರಮ ವೀರ ಚಕ್ರಕ್ಕೆ ತಕ್ಕಂತೆ ನಿಂತಿರಬಹುದು? ಬರೆಯಬೇಕಾದವರೂ ಅವರ ಜೊತೆಗೇ ಸತ್ತರು.

ಮೈಸೂರಿನ ಕಡೆಗೂ ಒಂದು ಮಾತು. ದಸರಾದ ಪಂಜಿನ ಕವಾಯತಿಗೆ ಬನ್ನಿಮಂಟಪದಲ್ಲಿ ಕುದುರೆಗಳು ಓಡುವುದನ್ನು ನಾವು ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ನೋಡುತ್ತೇವೆ. ಮೊದಲ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ಮೈಸೂರು ಸಂಸ್ಥಾನದ ಕುದುರೆ ಪಡೆಯಾದ ಮೈಸೂರು ಲ್ಯಾನ್ಸರ್ಸ್‌ನ ಸವಾರರು ಜೋಧ್‌ಪುರದವರ ಜೊತೆ ಸೇರಿ, ಈಟಿ ಕತ್ತಿ ಹಿಡಿದು, ಮಷಿನ್ ಗನ್ನುಗಳ ಎದುರು ಈಗಿನ ಇಸ್ರೇಲಿನ ಹೈಫಾ ಊರನ್ನು ಗೆದ್ದರು. ಮೈಸೂರಿನವರಿಗೆ ಬಿದ್ದ ಪಾಲು ಕಾರ್ಮೆಲ್ ಬೆಟ್ಟದ ಕಡೆಯ ಫಿರಂಗಿಗಳು. ದೆಹಲಿಯ ತೀನ್ ಮೂರ್ತಿ ಸ್ಮಾರಕದ ಮೂರು ಪ್ರತಿಮೆಗಳಲ್ಲಿ ಒಂದು ನಮ್ಮವರದ್ದೇ. ಹೈಫಾ ಅಂದ ಕೂಡಲೇ ಎಲ್ಲರೂ ಹೇಳುವ ಹೆಸರು ಜೋಧ್‌ಪುರದ ಮೇಜರ್ ದಳಪತ್ ಸಿಂಗ್, ಅಲ್ಲೇ ಸತ್ತು ಮಿಲಿಟರಿ ಕ್ರಾಸ್ ಪಡೆದವರು. ಅದು ಅವರಿಗೆ ಸಲ್ಲಬೇಕಾದದ್ದೇ. ಜೋಧ್‌ಪುರದವರು ತಮ್ಮವರನ್ನು ನೂರು ವರ್ಷ ನೆನೆಸಿಕೊಂಡು ಬಂದರು. ಮೈಸೂರಿನ ನಾವು ಒಬ್ಬ ಸವಾರನ ಹೆಸರನ್ನೂ ಮಕ್ಕಳಿಗೆ ಕಲಿಸಿಲ್ಲ.

ಈ ಜನವರಿಗೆ

ಮೇಲೆ ಹೇಳಿದ 21 ಜನರಲ್ಲಿ ಒಬ್ಬರು ನಮ್ಮ ರಾಜ್ಯದವರು, ರಾಮ ರಾಘೋಬಾ ರಾಣೆ. ಕಾರವಾರದ ಹತ್ತಿರದ ಚೆಂಡಿಯೆ ಅವರ ಊರು. ಸೈನ್ಯದ ಇಂಜಿನಿಯರ್ ದಳವಾದ ಬಾಂಬೆ ಸ್ಯಾಪರ್ಸ್‌ನಲ್ಲಿ ಇದ್ದವರು. 1948ರ ಏಪ್ರಿಲ್ 8ರಂದು ನೌಶೇರಾದಿಂದ ರಜೌರಿಗೆ ಹೋಗುವ ದಾರಿಯಲ್ಲಿ ಮೈನು, ಅಂದರೆ ನೆಲದಡಿ ಹೂತಿಟ್ಟ ಸಿಡಿಗುಂಡು, ತೆಗೆಯುವ ಕೆಲಸ ಶುರು ಮಾಡಿದಾಗಲೇ ಮಾರ್ಟರ್ ಬಿದ್ದು ಅವರ ಜೊತೆಯ ಇಬ್ಬರು ಸತ್ತರು. ಐದು ಜನಕ್ಕೆ ಗಾಯ, ಅದರಲ್ಲಿ ಅವರೂ ಒಬ್ಬರು. ಆಮೇಲೆ ದಿನಗಟ್ಟಲೆ, ಊಟ ನಿದ್ದೆ ಬಿಟ್ಟು, ಮರ ಉರುಳಿಸಿ ಹಾಕಿದ ಅಡ್ಡಿ, ಮೈನು, ಬಂಡೆ ಎಲ್ಲ ತೆಗೆಯುತ್ತಾ ಟ್ಯಾಂಕುಗಳಿಗೆ ದಾರಿ ಮಾಡುತ್ತಾ ಹೋದರು. ಗುಂಡಿನ ಮಳೆಯಲ್ಲಿ ಟ್ಯಾಂಕಿನ ಅಡಿಯಲ್ಲೇ ತೆವಳುತ್ತಾ ಚಾಲಕನಿಗೆ ಸನ್ನೆ ಮಾಡಿದರು. ಏಪ್ರಿಲ್ 12ಕ್ಕೆ ಸೈನ್ಯ ರಜೌರಿ ಮುಟ್ಟಿತು. ಪರಮ ವೀರ ಚಕ್ರವನ್ನು ಬದುಕಿದ್ದಾಗಲೇ ಪಡೆದ ಮೊದಲಿಗರಲ್ಲಿ ಅವರೂ ಒಬ್ಬರು. ಅವರ ಪ್ರತಿಮೆ ಕಾರವಾರದ ಕಡಲ ತೀರದಲ್ಲಿದೆ, ಯುದ್ಧನೌಕೆಯ ಪಕ್ಕದಲ್ಲಿ. ನಮ್ಮ ಕಡೆಯ ಮಕ್ಕಳನ್ನು ಕೇಳಿದರೆ ಹತ್ತರಲ್ಲಿ ಒಬ್ಬರಿಗೂ ಈ ಹೆಸರು ಗೊತ್ತಿರುವುದಿಲ್ಲ. ಅವರ ತಪ್ಪಲ್ಲ, ನಾವು ಹೇಳಿಲ್ಲ.

ಈ ಸಲ ಜನವರಿ 26ಕ್ಕೆ ನಮ್ಮ ಶಾಲೆಯಲ್ಲಿ ಭಾಷಣ ಬೇಡ ಎಂದು ನಿರ್ಧರಿಸಿದ್ದೇವೆ. ಮುಖ್ಯೋಪಾಧ್ಯಾಯರೂ ಒಪ್ಪಿದ್ದಾರೆ. ಒಂಬತ್ತನೇ ತರಗತಿಯ ಮಕ್ಕಳು ಮೂರು ಸೈಟೇಷನ್ ಕನ್ನಡದಲ್ಲಿ ಓದುತ್ತಾರೆ. ರಾಣೆ, ಶೈತಾನ್ ಸಿಂಗ್, ದೇವಯ್ಯ. ಕನ್ನಡಕ್ಕೆ ತರುವ ಕೆಲಸ ನನ್ನದು, ತಿದ್ದುವ ಕೆಲಸ ಮಿಲ್ಟ್ರಿಯವರದ್ದು. ರಾಣೆಯವರ ಭಾಗದಲ್ಲಿ ನಾನು "ಸಿಂಹದಂತೆ" ಅಂತ ಒಂದು ಕಡೆ ಬರೆದಿದ್ದೆ, ಅದನ್ನು ಹೊಡೆದು ಹಾಕಿ, ಎಷ್ಟು ಹೊತ್ತಿಗೆ ಶುರು ಮಾಡಿದರು, ಎಷ್ಟು ಹೊತ್ತಿಗೆ ಮುಗಿಸಿದರು ಅದನ್ನು ಬರೀರಿ ಅಂದರು. ಮೈನು ಅಂದರೆ ಏನು, ಅದನ್ನು ಕೈಯಲ್ಲಿ ಹೇಗೆ ತೆಗೆಯುತ್ತಾರೆ ಅಂತ ಮಕ್ಕಳಿಗೆ ಗೊತ್ತಿಲ್ಲದೇ ಓದಿದರೆ ಪ್ರಯೋಜನ ಇಲ್ಲ, ಹಿಂದಿನ ದಿನ ಬಂದು ಬೋರ್ಡಿನ ಮೇಲೆ ಚಿತ್ರ ಬರೆದು ತೋರಿಸುತ್ತೇನೆ ಎಂದೂ ಹೇಳಿದ್ದಾರೆ. ಶಾಲು, ಪೇಟ ತರಬೇಡಿ ಅಂದಿದ್ದಾರೆ. ತರುವುದಿಲ್ಲ.